30 ತೊಗರಿಕಾಳು, 3 ದೇಶ: ಓಡದೆ ಸುತ್ತುವ ಪ್ಲ್ಯಾನ್ ಹೀಗೆ ಹಾಕಿ

ನನ್ನ ತಂಗಿಯ ಮಗ ಹೋದ ತಿಂಗಳು ಮನೆಗೆ ಬಂದ. ಒಂದು ತಿಂಗಳು ರಜೆ, ಹೆಗಲಿಗೊಂದು ಬ್ಯಾಗು, 5 ದೇಶ. ಫೋನ್ ನೋಡಿಕೊಂಡು ಪಟ್ಟಿ ಓದಿದ: ಬ್ಯಾಂಕಾಕ್, ಫುಕೆಟ್, ಚಿಯಾಂಗ್ ಮಾಯ್, ಪಾಯ್, ಲುವಾಂಗ್ ಪ್ರಬಾಂಗ್, ವಾಂಗ್ ವಿಯೆಂಗ್, ವಿಯೆಂಟಿಯಾನ್, ಹನೋಯ್, ಸಾಪಾ, ಹಾ ಲಾಂಗ್, ಹೋಯ್ ಆನ್, ಹೋ ಚಿ ಮಿನ್ ಸಿಟಿ, ನೋಮ್ ಪೆನ್, ಸಿಯೆಮ್ ರೀಪ್, ಕೊನೆಗೆ ಸಿಂಗಪುರ. ಒಟ್ಟು 15 ಊರು.

"ಇದು ಯಾತ್ರಾ ಬಸ್ಸು ಆಯ್ತಲ್ಲೋ" ಅಂದೆ. ನಮ್ಮ ಕಲಬುರಗಿಯಲ್ಲಿ ಆ ಬಸ್ಸು ಹತ್ತದ ಮನೆ ಯಾವುದಿದೆ ಹೇಳಿ? ಎಂಟು ದಿನದಲ್ಲಿ ತಿರುಪತಿ, ಮಧುರೈ, ರಾಮೇಶ್ವರ, ಕನ್ಯಾಕುಮಾರಿ. ವಾಪಸ್ ಬಂದವರನ್ನು ಕೇಳಿದರೆ ಚಪ್ಪಲಿ ಬಿಟ್ಟ ಜಾಗ ನೆನಪಿರುತ್ತದೆ, ದೇವಸ್ಥಾನದ ಕಂಬ ನೆನಪಿರುವುದಿಲ್ಲ.

ಅಡುಗೆಮನೆಯಿಂದ ಒಂದು ಹಿಡಿ ತೊಗರಿಕಾಳು ತರಿಸಿದೆ. ತೊಗರಿಯ ಕಣಜದಲ್ಲಿ ಕೂತು ಪ್ಲ್ಯಾನ್ ಹಾಕಲಿಕ್ಕೆ ಎಕ್ಸೆಲ್ ಯಾಕೆ ಬೇಕು?

ಕಾಳಿನ ಲೆಕ್ಕ

ಹಳೇ ಕ್ಯಾಲೆಂಡರ್ ತಿರುಗಿಸಿ ಹಾಸಿ, ಅದರ ಬಿಳಿ ಬೆನ್ನ ಮೇಲೆ ಊರುಗಳ ಹೆಸರು ದೂರ ದೂರ ಬರೆಯಿರಿ. ಎಷ್ಟು ದಿನ ರಜೆಯೋ ಅಷ್ಟೇ ಕಾಳು ಎಣಿಸಿ. ಪಕ್ಕದಲ್ಲಿ ಒಂದು ಖಾಲಿ ಬಟ್ಟಲು ಇಡಿ. ಊರಿನಿಂದ ಊರಿಗೆ ಹೋಗುವ ಪ್ರತಿ ಸಲ ಒಂದು ಕಾಳು ಬಟ್ಟಲಿಗೆ. ಮನೆಯಿಂದ ಹೋಗುವುದಕ್ಕೊಂದು, ಬರುವುದಕ್ಕೊಂದು. ಉಳಿದದ್ದನ್ನು ಮಾತ್ರ ಊರುಗಳಿಗೆ ಹಂಚಿ.

ಅಳಿಯನ ಪಟ್ಟಿಗೆ ಹಾಕಿ ನೋಡಿದೆವು. 15 ಊರಿನ ನಡುವೆ 14 ಪಯಣ, ಹೋಗಿ ಬರುವುದು ಸೇರಿ 16. ಬಟ್ಟಲು ತುಂಬಿತು. ಹಾಳೆಯ ಮೇಲೆ ಉಳಿದದ್ದು 14 ಕಾಳು, ಊರು 15. ಒಂದೊಂದು ಊರಿಗೆ ಒಂದೊಂದು ದಿನವೂ ಬರಲಿಲ್ಲ. ಅವನು ಸುಮ್ನೆ ಬಟ್ಟಲನ್ನೇ ನೋಡುತ್ತ ಕೂತ.

ನಾಲ್ಕು ತಾಸಿನ ಬಸ್ಸಿಗೆ ಇಡೀ ಕಾಳು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬೆಳಿಗ್ಗೆ ಬ್ಯಾಗು ಕಟ್ಟಬೇಕು, ರೂಮು ಖಾಲಿ ಮಾಡಬೇಕು. ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಹುಡುಕಬೇಕು. ಹೊಸ ಊರಲ್ಲಿ ಇಳಿದ ಮೇಲೆ ಆಟೋದವನ ಜೊತೆ ಚೌಕಾಸಿ, ಹೊಸ ರೂಮು, ಹೊಸ ಕೀಲಿ, ನೀರು ಎಲ್ಲಿ ಸಿಗುತ್ತದೆ, ಊಟ ಎಲ್ಲಿ ಸಿಗುತ್ತದೆ. ಅಷ್ಟರಲ್ಲಿ ಸಂಜೆ. ರಾತ್ರಿ ರೈಲಾದರೆ ದಿನ ಉಳಿಯಿತು ಅನ್ನುತ್ತೀರಿ, ಮಾರನೇ ದಿನ ಕಣ್ಣು ಎಳೆಯುತ್ತಿರುತ್ತದೆ. ನಾನಂತೂ ಅದಕ್ಕೂ ಪೂರ್ತಿ ಕಾಳೇ ಹಾಕುತ್ತೇನೆ.

ದೇಶ ಕಡಿಮೆ ಮಾಡಿ

ಒಂದೊಂದು ಊರು ತೆಗೆದರೆ ಲೆಕ್ಕ ಸರಿಹೋಗುವುದಿಲ್ಲ. ದೇಶವನ್ನೇ ತೆಗೆಯಿರಿ. ಸಿಂಗಪುರ ಮೊದಲು ಹೋಯಿತು; ಅಲ್ಲಿಗೆ ಮೊದಲೇ ವೀಸಾ ತೆಗೆಯಬೇಕು, ಖರ್ಚೂ ಜಾಸ್ತಿ.

ಕಾಂಬೋಡಿಯಾಕ್ಕೆ ಜಗಳವೇ ಆಯಿತು. "ಆಂಗ್ಕೋರ್ ವಾಟ್ ಬಿಟ್ರ ಹೆಂಗ ಮಾಮಾ?" ಅಂದ. ಸಿಯೆಮ್ ರೀಪ್ ಹತ್ತಿರದ ಆ ಹಳೇ ದೇವಸ್ಥಾನಗಳ ಟಿಕೆಟ್ಟನ್ನೇ ನೋಡು ಅಂದೆ. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ ಟಿಕೆಟ್ ಸತತ ಮೂರು ದಿನ ಬಳಸಬೇಕೆಂದಿಲ್ಲ, 10 ದಿನದೊಳಗೆ ಯಾವ ಮೂರು ದಿನವಾದರೂ ಸರಿ. ಒಂದೇ ದಿನದಲ್ಲಿ ಮುಗಿಸುವ ಜಾಗ ಅಲ್ಲ ಅಂತ ಅವರೇ ಹೇಳಿದ ಹಾಗಾಯಿತು. ಮೇಲಾಗಿ 2025ರ ಜೂನ್‌ನಲ್ಲಿ ಥಾಯ್ಲೆಂಡ್-ಕಾಂಬೋಡಿಯಾ ಜಗಳ ಹತ್ತಿ, ರಸ್ತೆಯ ಗಡಿದಾರಿಗಳು ಮುಚ್ಚಿದವು. ಬ್ಯಾಂಕಾಕಿನಿಂದ ಬಸ್ಸಿನಲ್ಲಿ ಹೋಗಿಬಿಡೋಣ ಅಂತ ಹಳೇ ಪ್ಲ್ಯಾನ್ ನಂಬಿ ಹೊರಟರೆ ಕೆಟ್ಟಿರಿ. ನಕ್ಷೆಯಲ್ಲಿ ಗೆರೆ ಇದ್ದ ಮಾತ್ರಕ್ಕೆ ದಾರಿ ತೆರೆದಿರುತ್ತದೆ ಅಂತಲ್ಲ. ಕಾಂಬೋಡಿಯಾ ಇನ್ನೊಂದು ಸಲಕ್ಕೆ ಉಳಿಯಿತು.

ಉಳಿದದ್ದು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ. ಮೂರೂ ಕಡೆ ಗಡಿಯಾರ ಒಂದೇ, ನಮಗಿಂತ ಒಂದೂವರೆ ತಾಸು ಮುಂದೆ.

ಯಾವಾಗ?

ನಮ್ಮಲ್ಲಿ ಬಿಸಿಲು ಏರಿದಾಗಲೇ ಎಲ್ಲರಿಗೂ ಪ್ರವಾಸ ನೆನಪಾಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಚಿಯಾಂಗ್ ಮಾಯ್ ಕಡೆ ಹೊಲ, ಕಾಡಿಗೆ ಬೆಂಕಿ ಹಚ್ಚುತ್ತಾರೆ, ಗುಡ್ಡ ಕಾಣದಷ್ಟು ಹೊಗೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ನವೆಂಬರ್‌ನಿಂದ ಫೆಬ್ರವರಿ ಮೊದಲ ವಾರಗಳವರೆಗೆ ಒಳ್ಳೆಯದು. ಹನೋಯ್‌ನಲ್ಲಿ ಜನವರಿಗೆ ಚಳಿ, ತುಂತುರು, ಒಂದು ಸ್ವೆಟರ್ ಇರಲಿ. ವಿಯೆಟ್ನಾಂನ ಹೊಸ ವರ್ಷ ತೆತ್, 2027ರಲ್ಲಿ ಫೆಬ್ರವರಿ 6ಕ್ಕೆ ಬರುತ್ತದೆ. ಆ ವಾರ ಬಸ್ಸು, ರೈಲು ಎಲ್ಲಾ ಫುಲ್, ಅಂಗಡಿ ಬಂದ್. ನಮ್ಮಲ್ಲಿ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಬರುವಾಗಿನ ಬಸ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ, ಸಾಕು.

ಈಗ ಹಂಚಿ

ಹೈದರಾಬಾದಿಗೆ ರೈಲು, ಅಲ್ಲಿಂದ ಬ್ಯಾಂಕಾಕಿಗೆ ವಿಮಾನ. ಬ್ಯಾಂಕಾಕಿಗೆ 3 ಕಾಳು. ರಾತ್ರಿ ರೈಲಿನಲ್ಲಿ ಚಿಯಾಂಗ್ ಮಾಯ್, ಅಲ್ಲಿ 5. ಅದರಲ್ಲಿ ಒಂದು ಭಾನುವಾರ ಬರುವಂತೆ ನೋಡಿಕೊಳ್ಳಿ, ಹಳೇ ಪಟ್ಟಣದ ನಡುಬೀದಿಯಲ್ಲಿ ಅವತ್ತು ಸಂತೆ.

ಮುಂದೆ ಚಿಯಾಂಗ್ ಖೋಂಗ್‌ಗೆ ಬಸ್ಸು, 2013ರಲ್ಲಿ ಕಟ್ಟಿದ ಸೇತುವೆ ದಾಟಿದರೆ ಲಾವೋಸಿನ ಹುಆಯ್ ಸಾಯ್. ಅಲ್ಲಿಂದ ಮೆಕಾಂಗ್ ನದಿಯಲ್ಲಿ ಲುವಾಂಗ್ ಪ್ರಬಾಂಗ್‌ಗೆ ಉದ್ದನೆಯ ಮರದ ದೋಣಿ. ಎರಡು ದಿನದ ದಾರಿ, ನಡುವೆ ಪಾಕ್‌ಬೆಂಗ್ ಎಂಬ ಸಣ್ಣ ಊರಲ್ಲಿ ವಸ್ತಿ. ಈ ಎರಡು ಕಾಳು ಬಟ್ಟಲಿಗೆ ಹಾಕಹೊರಟೆ. ಅಳಿಯ ನನ್ನ ಕೈ ಹಿಡಿದ. "ದೋಣ್ಯಾಗ ಕುಂತು ನದಿ ನೋಡೂದು ಹಾಳಾದ ದಿನಾ ಹೆಂಗಾಗ್ತದ ಮಾಮಾ?" ಮಾತು ಖರೆ ಇತ್ತು. ಎರಡನ್ನೂ ಹಾಳೆಯ ಮೇಲೆ ನದಿಯ ಗೆರೆಯಲ್ಲೇ ಇಟ್ಟೆವು.

ಲುವಾಂಗ್ ಪ್ರಬಾಂಗ್‌ಗೆ 5. ಅಲ್ಲಿಂದ ಹನೋಯ್‌ಗೆ ಬಸ್ಸಿದೆ, ಸುಮಾರು 24 ತಾಸು. ವಿಮಾನಕ್ಕೆ ಒಂದು ತಾಸು ಚಿಲ್ಲರೆ. ನಿಧಾನವಾಗಿ ಸುತ್ತುವವರು ಬಸ್ಸೇ ಹತ್ತಬೇಕು ಅಂತ ನೇಮವೇನಿಲ್ಲ, ವಿಮಾನ ಹತ್ತಿ. ಹನೋಯ್ 4. ಅಲ್ಲಿರುವ ವಿಯೆಟ್ನಾಂ ನಾಯಕ ಹೋ ಚಿ ಮಿನ್ ಅವರ ಸಮಾಧಿ ಸೋಮವಾರ, ಶುಕ್ರವಾರ ಮುಚ್ಚಿರುತ್ತದೆ, ಉಳಿದ ದಿನವೂ ಬೆಳಿಗ್ಗೆ ಮಾತ್ರ. ದಕ್ಷಿಣಕ್ಕೆ ನೂರು ಕಿಲೋಮೀಟರ್ ಒಳಗಿರುವ ನಿನ್ಹ್ ಬಿನ್ಹ್‌ಗೆ 3.

ಎಣಿಸಿ: ಊರುಗಳಲ್ಲಿ 20, ನದಿಯ ಮೇಲೆ 2, ಬಟ್ಟಲಲ್ಲಿ 6. ಇನ್ನೆರಡು ಕಾಳು ಉಳಿದವು. ಅವನ್ನು ಯಾವ ಊರಿಗೂ ಕೊಡಬೇಡಿ. ಹೊಟ್ಟೆ ಕೆಟ್ಟರೆ, ದೋಣಿ ತಪ್ಪಿದರೆ, ಇಲ್ಲಾ ಒಂದು ಊರು ಬಿಟ್ಟು ಬರಲಿಕ್ಕೆ ಮನಸ್ಸೇ ಆಗದಿದ್ದರೆ ಬೇಕಾಗುತ್ತವೆ.

ಕಾಗದಪತ್ರ

ಪಾಸ್‌ಪೋರ್ಟ್ ಇನ್ನೂ ಆರು ತಿಂಗಳಿಗಿಂತ ಜಾಸ್ತಿ ಬಾಳುವಂತಿರಬೇಕು. ಥಾಯ್ಲೆಂಡ್ 2023ರ ನವೆಂಬರ್‌ನಿಂದ ನಮ್ಮವರನ್ನು ವೀಸಾ ಇಲ್ಲದೆ ಬಿಡಲು ಶುರು ಮಾಡಿತು, ಆದರೆ ಈ ನಿಯಮ ಬದಲಾಗುತ್ತಿರುತ್ತದೆ. ಟಿಕೆಟ್ ತೆಗೆಯುವ ದಿನವೇ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಆಗಮನ ಚೀಟಿ ತುಂಬಬೇಕು, ದುಡ್ಡಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ. ಲಾವೋಸ್ ವೀಸಾ ಸೇತುವೆಯ ಹತ್ತಿರವೇ ಕೊಡುತ್ತಾರೆ. ಡಾಲರ್ ನೋಟು ಮಡಚದ, ಹರಿಯದ ಹೊಸದಿರಲಿ.

ವಿಯೆಟ್ನಾಂ ಇ-ವೀಸಾ 90 ದಿನದವರೆಗೆ ಸಿಗುತ್ತದೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅದರಲ್ಲಿ ಎಲ್ಲಿಂದ ಒಳಗೆ ಬರುತ್ತೀರಿ ಅಂತ ಕೇಳುತ್ತಾರೆ. ನಾನು ಒಮ್ಮೆ ಹನೋಯ್ ವಿಮಾನ ನಿಲ್ದಾಣ ಅಂತ ತುಂಬಿ, ಆಮೇಲೆ ಲಾವೋಸಿನಿಂದ ಬಸ್ಸಿನಲ್ಲಿ ಹೋಗೋಣ ಅಂತ ಮನಸ್ಸು ಬದಲಿಸಿದೆ. ಬಸ್ ಟಿಕೆಟ್ ಕೈಗೆ ಬಂದ ಮೇಲೆ ವೀಸಾ ತೆಗೆದು ಓದಿದೆ. ಗಡಿಯಲ್ಲಿ ನಡುರಾತ್ರಿ ವಾದ ಮಾಡುವ ಧೈರ್ಯ ಬರಲಿಲ್ಲ. ಬಸ್ಸಿನ ದುಡ್ಡು ಹೋಯಿತು, ಕೊನೇ ಗಳಿಗೆಯ ವಿಮಾನದ ದುಡ್ಡೂ ಹೋಯಿತು. ದಾರಿ ಗಟ್ಟಿಯಾದ ಮೇಲೆಯೇ ಅರ್ಜಿ ತುಂಬಿ.

ಮೊದಲು ಬೀದರ್

ಬ್ಯಾಗು ಕಟ್ಟಿ ಒಂದು ತಾಲೀಮು ಮಾಡಿ. 2017ರಿಂದ ಕಲಬುರಗಿ-ಬೀದರ್ ರೈಲಿದೆ. ಅದೇ ಬ್ಯಾಗು ಹೊತ್ತು ಹೋಗಿ, ಎರಡು ರಾತ್ರಿ ಇರಿ. ಮೊದಲ ದಿನ ಕೋಟೆ, ಗವಾನ್ ಮದರಸಾ ಮುಗಿಯುತ್ತವೆ. ಎರಡನೇ ದಿನ ಏನೂ ಇಟ್ಟುಕೊಳ್ಳಬೇಡಿ. ಬಿದ್ರಿ ಕೆಲಸದವರ ಅಂಗಡಿ ಮುಂದೆ ಕೂತು, ಬೆಳ್ಳಿ ತಂತಿ ಕೂರಿಸುವುದನ್ನು, ಕೋಟೆಯ ಮಣ್ಣಿನಲ್ಲಿ ಲೋಹ ಕಪ್ಪಾಗುವುದನ್ನು ನೋಡಿ. ಅರ್ಧ ತಾಸಿಗೇ ಬೇಸರವಾಗಿ ಫೋನ್ ತೆಗೆದಿರಾದರೆ ಐದು ದಿನದ ಊರಿನಿಂದ ಒಂದು ಕಾಳು ಕಡಿಮೆ ಮಾಡಿಕೊಳ್ಳಿ, ತಪ್ಪೇನಿಲ್ಲ. ವಾಪಸ್ ಬಂದ ಮೇಲೆ ಬ್ಯಾಗಿನಿಂದ ತೆಗೆಯದ ಬಟ್ಟೆಯನ್ನು ಮನೆಯಲ್ಲೇ ಬಿಡಿ. ಕಡಿಮೆ ದರದ ವಿಮಾನಗಳಲ್ಲಿ ಕೈಚೀಲಕ್ಕೆ ಬಹಳ ಸಲ 7 ಕೆಜಿ ಮಿತಿ ಇರುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿಗೆ ಜಾಗ ಇರಲಿ. ಸಸ್ಯಾಹಾರಿಗಳು ಥಾಯ್ಲೆಂಡಿನಲ್ಲಿ "ಜೇ", ವಿಯೆಟ್ನಾಂನಲ್ಲಿ "ಚಾಯ್" ಅನ್ನಬೇಕು. ಬರೀ ಮಾಂಸ ಬೇಡ ಅಂದರೆ ಮೀನಿನ ಸಾಸ್ ಬಿದ್ದೇ ಬೀಳುತ್ತದೆ.

ಟಿಕೆಟ್ ತೆಗೆಯುವಾಗ ಬ್ಯಾಂಕಾಕಿಗೆ ಹೋಗಿ ಹನೋಯ್‌ನಿಂದ ಬರುವಂತೆ "ಮಲ್ಟಿ ಸಿಟಿ" ಒತ್ತಿ, ಇಲ್ಲವಾದರೆ ವಾಪಸ್ ಬ್ಯಾಂಕಾಕಿಗೆ ಬರಲು ಇನ್ನೊಂದು ಕಾಳು ಹೋಗುತ್ತದೆ. ಈ ವಿಮಾನಗಳು, ಹನೋಯ್‌ಗೆ ಹೋಗುವ ನಡುವಿನ ವಿಮಾನ, ರಾತ್ರಿ ರೈಲು, ಬ್ಯಾಂಕಾಕಿನ ಮೂರು ರಾತ್ರಿಯ ರೂಮು. ಮೊದಲೇ ಬುಕ್ ಮಾಡುವುದು ಇಷ್ಟೇ. ಅಳಿಯ ಹಾಳೆಯ ಫೋಟೋ ತೆಗೆದುಕೊಂಡ. ಉಳಿದ ಎರಡು ಕಾಳನ್ನು ಪಾಸ್‌ಪೋರ್ಟಿನ ಕವರಿಗೆ ಟೇಪ್ ಹಾಕಿ ಅಂಟಿಸಿದ್ದಾನೆ.