ಈಜುಕೊಳದ ಟೆಸ್ಟ್ ಕಿಟ್ ಹಳೆಯದಾಯಿತೇ? ನಂಬುವ ಮೊದಲು ಹೀಗೆ ಪರೀಕ್ಷಿಸಿ

ಕೊಳದ ನೀರು ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಟೆಸ್ಟ್ ಕಿಟ್ ಕೆಟ್ಟರೆ ಕಾಣುವುದೇ ಇಲ್ಲ. ಬಣ್ಣ ಬರುತ್ತದೆ, ಅಂಕಿಯೂ ಸಿಗುತ್ತದೆ, ಆದರೆ ಆ ಅಂಕಿ ತಪ್ಪು. ಅದನ್ನೇ ನಂಬಿ ನಾವು ಕ್ಲೋರಿನ್ ಸುರಿಯುತ್ತೇವೆ, ಇಲ್ಲವೇ ಹಾಕಲೇಬೇಕಾದ ದಿನ ಸುಮ್ನೆ ಬಿಟ್ಟುಬಿಡುತ್ತೇವೆ, ಮಕ್ಕಳು ಅದೇ ನೀರಿಗೆ ಇಳಿಯುತ್ತಾರೆ. ಅದಕ್ಕೇ ನೀರಿಗಿಂತ ಮೊದಲು ಕಿಟ್ ನೋಡಿ ಅನ್ನುವುದು.

ಮೊದಲು ಕಿಟ್‌ನ ದ್ರವದ ಬಾಟಲಿ ಮೇಲಿನ ಎಕ್ಸ್‌ಪೈರಿ ದಿನಾಂಕ ಓದಿ. ಅದು ಮುಚ್ಚಿಟ್ಟ ಬಾಟಲಿಯ ಲೆಕ್ಕ. ತೆರೆದ ಮೇಲೆ ಲೆಕ್ಕ ಬೇರೆ, ಹಾಗಾಗಿ ತೆರೆದ ದಿನವನ್ನು ಮಾರ್ಕರ್‌ನಲ್ಲಿ ಬಾಟಲಿ ಮೇಲೆಯೇ ಬರೆದುಬಿಡಿ.

ಎಲ್ಲವೂ ಒಂದೇ ಸಮ ಹಾಳಾಗುವುದಿಲ್ಲ. ಕ್ಲೋರಿನ್ ನೋಡುವ ಡಿಪಿಡಿ ದ್ರವ ಬಹಳ ನಾಜೂಕು. ಗಾಳಿ ತಗುಲಿದರೆ ಸಾಕು, ನಿಧಾನವಾಗಿ ಬಣ್ಣ ತಿರುಗುತ್ತದೆ. ತಿಳಿಯಾಗಿದ್ದದ್ದು ಕಪ್ಪಗಾಗುತ್ತಾ ಬಂದರೆ ದಿನಾಂಕ ಬಾಕಿ ಇದ್ದರೂ ಎಸೆಯಿರಿ. ಅದೇ ಡಿಪಿಡಿ ಪುಡಿಯ ರೂಪದಲ್ಲಿ, ಅಥವಾ ಫಾಯಿಲ್‌ನಲ್ಲಿ ಮುಚ್ಚಿದ ಮಾತ್ರೆಯಾಗಿ ಇದ್ದರೆ ಎಷ್ಟೋ ಜಾಸ್ತಿ ಕಾಲ ಬಾಳುತ್ತದೆ. ಕೊಳ ಅಪರೂಪಕ್ಕೆ ಬಳಸುವವರು ಮಾತ್ರೆಯನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಪಿಎಚ್‌ಗೆ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವ ಅಳತೆ) ಹಾಕುವ ಫೀನಾಲ್ ರೆಡ್ ದ್ರವ ಅಷ್ಟು ಬೇಗ ಕೆಡುವುದಿಲ್ಲ.

ನೀರಿಗೆ ಅದ್ದಿ ಬಣ್ಣ ನೋಡುವ ಟೆಸ್ಟ್ ಸ್ಟ್ರಿಪ್‌ಗಳಿಗೆ ಶತ್ರು ತೇವ. ಒದ್ದೆ ಬೆರಳು ಡಬ್ಬಿಯೊಳಗೆ ಹೋದರೆ ಒಂದು ಸ್ಟ್ರಿಪ್ ಅಲ್ಲ, ಉಳಿದವೂ ಹಾಳು. ಕೈ ಒರೆಸಿಕೊಂಡು ಒಂದನ್ನು ತೆಗೆಯಿರಿ, ಮುಚ್ಚಳ ಟಕ್ ಅನ್ನುವವರೆಗೆ ಒತ್ತಿ, ಆಮೇಲೆ ನೀರಿನ ಹತ್ತಿರ ಹೋಗಿ. ಇನ್ನೂ ಅದ್ದದ ಸ್ಟ್ರಿಪ್‌ನ ಚೌಕಗಳೇ ಬಣ್ಣ ಬದಲಿಸಿದ್ದರೆ ಆ ಡಬ್ಬಿ ಮುಗಿಯಿತು.

ಎಲ್ಲಿಡುತ್ತೀರಿ ಅನ್ನುವುದು ದಿನಾಂಕದಷ್ಟೇ ಮುಖ್ಯ. ಸುಮಾರು ಜನ ಕಿಟ್ಟನ್ನು ಪಂಪ್ ರೂಮಿನಲ್ಲಿ ಕ್ಲೋರಿನ್ ಡಬ್ಬಿ, ಆಸಿಡ್ ಕ್ಯಾನ್ ಪಕ್ಕದಲ್ಲೇ ಇಡುತ್ತಾರೆ, ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಆ ಹೊಗೆ, ಆ ಸೆಕೆ ಎರಡೂ ರೀಏಜೆಂಟ್‌ಗಳನ್ನು, ಅಂದರೆ ಕಿಟ್‌ನ ದ್ರವ, ಪುಡಿ, ಮಾತ್ರೆಗಳನ್ನು, ಕೊಲ್ಲುತ್ತವೆ. ಮನೆಯೊಳಗೆ, ಬಿಸಿಲು ಬೀಳದ, ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿಡಿ. ಬಣ್ಣ ಹೋಲಿಸುವ ಚಾರ್ಟ್ ಕೂಡ ಬಿಸಿಲಿಗೆ ಮಾಸುತ್ತದೆ, ಅದೂ ಒಳಗಿರಲಿ. ಒಂದು ಬಾಟಲಿಯ ಮುಚ್ಚಳ ಇನ್ನೊಂದಕ್ಕೆ ಹಾಕಬೇಡಿ.

ಇನ್ನೂ ಅನುಮಾನವೇ? ಕಿಟ್ಟನ್ನೇ ಟೆಸ್ಟ್ ಮಾಡಿ. 10 ಲೀಟರ್ ನೀರಿಗೆ ಸುಮಾರು 5% ಸೋಡಿಯಂ ಹೈಪೋಕ್ಲೋರೈಟ್ ಇರುವ ಸಾದಾ ಬ್ಲೀಚ್ ದ್ರವ 10 ಹನಿ ಹಾಕಿ ಕಲಕಿದರೆ, ಬ್ಲೀಚ್ ತಾಜಾ ಇದ್ದರೆ, ಕ್ಲೋರಿನ್ ಹೆಚ್ಚುಕಮ್ಮಿ 2.5 ಪಿಪಿಎಂ (ಲೀಟರ್‌ಗೆ ಇಷ್ಟು ಮಿ.ಗ್ರಾಂ) ಆಗುತ್ತದೆ. ಡಿಪಿಡಿ ಅದರಲ್ಲಿ ಚೆನ್ನಾಗಿ ಗುಲಾಬಿ ಬಣ್ಣಕ್ಕೆ ಬರಬೇಕು. ಬರದಿದ್ದರೆ ಅದು ಸತ್ತಿದೆ. ಇದು ಡಿಪಿಡಿ ಕೆಲಸ ಮಾಡುತ್ತದೋ ಇಲ್ಲವೋ ಅಂತ ನೋಡುವ ಟೆಸ್ಟ್ ಅಷ್ಟೇ, ನಿಖರ ಅಂಕಿಗೆ ಅಲ್ಲ. ಆಲ್ಕಲಿನಿಟಿಗೆ (ಪಿಎಚ್ ಏರಿಳಿಯದಂತೆ ಹಿಡಿದಿಡುವ ನೀರಿನ ಗುಣ) ಮಾತ್ರ ನಿಖರವಾದ ದಾರಿ ಇದೆ: 1.68 ಗ್ರಾಂ ಅಡುಗೆ ಸೋಡಾವನ್ನು 1 ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಅದರಲ್ಲಿ 100 ಮಿ.ಲೀ. ತೆಗೆದು ಮತ್ತೆ ಡಿಸ್ಟಿಲ್ಡ್ ನೀರು ಸೇರಿಸಿ 1 ಲೀಟರ್ ಮಾಡಿದರೆ 100 ಪಿಪಿಎಂ. ನಿಮ್ಮ ಕಿಟ್ ಅದಕ್ಕೆ ಹತ್ತಿರ ಬರಬೇಕು.

ಒಂದು ಅಪಾಯವಂತೂ ತಿಳಿದಿರಲೇಬೇಕು. ಕ್ಲೋರಿನ್ ತುಂಬಾ ಜಾಸ್ತಿಯಾದಾಗ ಡಿಪಿಡಿಯ ಬಣ್ಣವೇ ಬಿಳಚಿಹೋಗುತ್ತದೆ, ನೋಡಿದವರಿಗೆ ಸೊನ್ನೆ ಅನ್ನಿಸುತ್ತದೆ, ಇನ್ನಷ್ಟು ಸುರಿಯುತ್ತಾರೆ. ಕಿಟ್ ಹಳೆಯದು ಅಂತ ಬೈಯುವ ಮೊದಲು ಕೊಳದ ನೀರಿಗೆ ಅಷ್ಟೇ ಡಿಸ್ಟಿಲ್ಡ್ ನೀರು ಬೆರೆಸಿ, ಬೇಕಾದರೆ ಇನ್ನೂ ತೆಳು ಮಾಡಿ, ಮತ್ತೆ ನೋಡಿ. ಆಗ ಬಣ್ಣ ಬಂದರೆ ಕಿಟ್ ಸರಿಯಿದೆ, ಕ್ಲೋರಿನ್ ಮಿತಿಮೀರಿದೆ. ಅಂಥ ನೀರಿನಲ್ಲಿ ಫೀನಾಲ್ ರೆಡ್ ಕೂಡ ನೇರಳೆಗೆ ತಿರುಗಿ ಪಿಎಚ್ ಜಾಸ್ತಿ ಅಂತ ಸುಳ್ಳು ತೋರಿಸುತ್ತದೆ, ಹಾಗಾಗಿ ಕ್ಲೋರಿನ್ ಇಳಿಯುವವರೆಗೆ ಪಿಎಚ್ ಇಳಿಸಲು ಅಂತ ಆಸಿಡ್ ಮುಟ್ಟಬೇಡಿ.

ಹನಿ ಹಾಕುವಾಗ ಬಾಟಲಿ ನೆಟ್ಟಗೆ ಹಿಡಿಯಿರಿ, ಓರೆಯಾದರೆ ಹನಿಯ ಗಾತ್ರ ಬದಲಾಗುತ್ತದೆ.

ಕೊಳ್ಳುವಾಗ ಅಗ್ಗ ಅಂತ ದೊಡ್ಡ ಬಾಟಲಿ ಬೇಡ, ಒಂದು ಸೀಸನ್‌ಗೆ ಮುಗಿಯುವಷ್ಟು ಸಾಕು. ಹೊಸದು ಬಂದ ದಿನ ಹಳೆಯದನ್ನು ಕೂಡಲೇ ಎಸೆಯದೆ, ಒಂದೇ ಲೋಟ ನೀರನ್ನು ಎರಡರಲ್ಲೂ ನೋಡಿ. ವ್ಯತ್ಯಾಸ ಬಂದರೆ ಆ ಹಳೆಯ ಕಿಟ್ ನೋಡಿ ಇತ್ತೀಚೆಗೆ ಹಾಕಿದ ಕೆಮಿಕಲ್‌ನ ಲೆಕ್ಕವನ್ನೂ ಇನ್ನೊಮ್ಮೆ ಪರಿಶೀಲಿಸಿ.