ಬ್ಯಾಂಕಿನ ವ್ಯಾಲ್ಯುಯರ್ ಮನೆ ನೋಡಲು ಬಂದಾಗ ಏನು ಕೊಡಬೇಕು, ಏನು ಕೇಳಬಾರದು

ಗೃಹಸಾಲಕ್ಕೆ ಅರ್ಜಿ ಹಾಕಿದ ಮೇಲೆ ಮನೆ ಅಳೆದು ಬೆಲೆ ಕಟ್ಟಲು ಬರುವ ವ್ಯಾಲ್ಯುಯರ್ ಬ್ಯಾಂಕಿನ ಪ್ಯಾನೆಲ್‌ನವರು, ಅಂದರೆ ಬ್ಯಾಂಕು ಆಯ್ದ ಪಟ್ಟಿಯಲ್ಲಿರುವವರು. ಫೀಸು ನಿಮ್ಮಿಂದ ವಸೂಲಾದರೂ ಅವರನ್ನು ಕಳಿಸುವುದು, ರಿಪೋರ್ಟ್ ಪಡೆಯುವುದು ಬ್ಯಾಂಕು. ಆ ಆಸ್ತಿಯಲ್ಲಿ ಅವರಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಿತಾಸಕ್ತಿ ಇರಕೂಡದೆಂಬುದು ಆರ್‌ಬಿಐ ನಿಯಮ. ಆದ್ದರಿಂದ ‘ನಮಗೆ 60 ಲಕ್ಷ ಬೇಕು, ಅಷ್ಟು ಬರುವ ಹಾಗೆ ಮಾಡಿ ಸಾರ್’ ಎನ್ನಬೇಡಿ. ‘ಇಂಜಿನಿಯರ್‌ಗೆ ಏನಾದ್ರೂ ಕೊಟ್ರೆ ಆಗುತ್ತೆ’ ಎಂದು ವ್ಯಾಲ್ಯುಯರ್ ಬಗ್ಗೆ ಲೋನ್ ಏಜೆಂಟ್ ಹೇಳಿದರೆ ಒಪ್ಪಲೇಬೇಡಿ. ನಾಳೆ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಲು ಹೋದಾಗ ಇನ್ನೊಬ್ಬ ವ್ಯಾಲ್ಯುಯರ್ ಬರುತ್ತಾರೆ. ಉಬ್ಬಿಸಿದ ಬೆಲೆ ಆಗ ನಿಲ್ಲುವುದಿಲ್ಲ.

ಕೊಡಬೇಕಾದದ್ದು ದಾಖಲೆ: ಕ್ರಯಪತ್ರ, ಇ-ಖಾತಾ, ಮಂಜೂರಾದ ನಕ್ಷೆ, ತೆರಿಗೆ ರಸೀದಿ. ಹಿಂದಿನ ದಿನವೇ ಕ್ರಯಪತ್ರದ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಹಿಡಿದು ಸೈಟಿನ ನಾಲ್ಕೂ ಕಡೆ ತಾಳೆ ನೋಡಿ. ಪಕ್ಕದ ಸೈಟು ಕೈ ಬದಲಾಗಿದ್ದರೆ ಈಗಿನ ಮಾಲೀಕರ ಹೆಸರು ಬರೆದುಕೊಡಿ. ಚೆಕ್ಕುಬಂದಿ ಹೊಂದದಿದ್ದರೆ ರಿಪೋರ್ಟ್ ಅಲ್ಲಿಗೇ ನಿಂತುಬಿಡಬಹುದು.

ಲೆಕ್ಕ ಹೀಗೆ ನಡೆಯುತ್ತದೆ. 30×40 ಸೈಟು, ಅಡಿಗೆ ₹6,000 ಎಂದುಕೊಳ್ಳಿ: 1,200 ಅಡಿಗೆ 72 ಲಕ್ಷ. ನೆಲಮಹಡಿ, ಮೊದಲ ಮಹಡಿ ಸೇರಿ 1,800 ಅಡಿ, ಕಟ್ಟಡದ ದರ ₹2,000: 36 ಲಕ್ಷ. ಮನೆಗೆ 15 ವರ್ಷ, ಬಾಳಿಕೆ 60 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ. 10 ಎಂದು ಹಿಡಿದರೆ, ಮನೆ ಹಳತಾದದ್ದಕ್ಕೆ ಕಟ್ಟಡದ ಬೆಲೆಯಲ್ಲಿ ಕಳೆಯುವ ಸವಕಳಿ ಶೇ. 22.5, ಅಂದರೆ 8.1 ಲಕ್ಷ. ಒಟ್ಟು 99.9 ಲಕ್ಷ. ನಕ್ಷೆಯಲ್ಲಿಲ್ಲದ ಎರಡನೇ ಮಹಡಿಗೆ ಸಾಮಾನ್ಯವಾಗಿ ಸೊನ್ನೆ. ತಿಂಗಳು ತಿಂಗಳು ಬಾಡಿಗೆ ಬರುತ್ತಿದ್ದರೂ ಅಷ್ಟೇ. ಮಾಡ್ಯುಲರ್ ಕಿಚನ್ನು, ವಾರ್ಡ್‌ರೋಬುಗಳಿಗೆ ಸುರಿದ ದುಡ್ಡೂ ಹೆಚ್ಚೇನೂ ಲೆಕ್ಕಕ್ಕೆ ಬರುವುದಿಲ್ಲ.

ಬೆಲೆ ಕಡಿಮೆ ಬಂತೆನಿಸಿದರೆ ವ್ಯಾಲ್ಯುಯರ್‌ಗೆ ಫೋನ್ ಮಾಡಬೇಡಿ, ಬ್ಯಾಂಕಿಗೆ ಬರೆಯಿರಿ. ಮೊದಲು ರಿಪೋರ್ಟಿನ ಪ್ರತಿ ಕೇಳಿ. ಪ್ರತಿ ಕೊಡದಿದ್ದರೆ ಅದರಲ್ಲಿ ಹಿಡಿದ ಅಳತೆಗಳನ್ನಾದರೂ ಕೇಳಿ. ‘ಬೆಲೆ ಕಮ್ಮಿಯಾಯಿತು’ ಎಂಬ ಪತ್ರಕ್ಕೆ ಉತ್ತರ ಸಿಗುವುದು ಕಷ್ಟ. ‘ಮೊದಲ ಮಹಡಿ 900 ಅಡಿ, ರಿಪೋರ್ಟಿನಲ್ಲಿ 600 ಎಂದಿದೆ, ನಕ್ಷೆ ಲಗತ್ತಿಸಿದೆ’ ಎಂದು ಬರೆದರೆ ನೋಡಲೇಬೇಕಾಗುತ್ತದೆ. ರಸ್ತೆಯ ಅಗಲ, ಕಟ್ಟಡದ ವಯಸ್ಸನ್ನೂ ಹೀಗೇ ಪರಿಶೀಲಿಸಿ.

ಜೊತೆಗೆ ಅದೇ ಬಡಾವಣೆಯಲ್ಲಿ ಕಳೆದ ಒಂದು ವರ್ಷದೊಳಗೆ ನೋಂದಣಿಯಾದ ಎರಡು-ಮೂರು ಕ್ರಯಪತ್ರಗಳ ವಿವರ ಇರಲಿ. ನಮ್ಮಲ್ಲಿ ಇಲ್ಲೊಂದು ತೊಡಕಿದೆ. ಎಷ್ಟೋ ಜನ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರಕ್ಕೇ ರಿಜಿಸ್ಟರ್ ಮಾಡಿಸಿ ಉಳಿದದ್ದನ್ನು ನಗದಾಗಿ ಕೊಟ್ಟಿರುತ್ತಾರೆ. ಅಂಥ ಪತ್ರ ನಿಮ್ಮ ವಾದಕ್ಕೇ ಮುಳುವು. ಬ್ಯಾಂಕ್ ಸಾಲದಲ್ಲಿ ಕೊಂಡ ಮನೆಗಳ ಪತ್ರಗಳಲ್ಲಿ ನಿಜವಾದ ಬೆಲೆ ಕಾಣುವ ಸಂಭವ ಹೆಚ್ಚು. ವೆಬ್‌ಸೈಟಿನ ಜಾಹೀರಾತಿನಲ್ಲಿರುವುದು ಮಾರುವವರು ಕೇಳುವ ಬೆಲೆ, ಅದು ಪುರಾವೆಯಾಗದು.

30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಮಿತಿ ಆಸ್ತಿಯ ಬೆಲೆಯ ಶೇ. 80. ಮೌಲ್ಯ 2 ಲಕ್ಷ ಕಡಿಮೆ ಬಂದರೆ ಸಾಲಕ್ಕೆ ಬೀಳುವ ಕೊರತೆ 1.6 ಲಕ್ಷ, ಅಷ್ಟಕ್ಕೆ ತಕರಾರು ತೆಗೆದು ವಾರಗಟ್ಟಲೆ ಕಾಯುವುದು ಬೇಡ. ಅಳತೆಯೇ ತಪ್ಪಿದ್ದರೆ ಮಾತ್ರ ಎರಡನೇ ವ್ಯಾಲ್ಯುಯರ್‌ನನ್ನು ಕಳಿಸಲು ಕೇಳಿ. ಫೀಸು ಮತ್ತೊಮ್ಮೆ ಕಟ್ಟಬೇಕಾಗಬಹುದು.