ಇಬ್ಬನಿ ಬೀಳದ ಬೆಳಗ್ಗೆ: ನವೆಂಬರ್ ತಿಂಗಳ ಹವಾಮಾನ ಬರೆದಿಡುವ ಕ್ರಮ

2021ರ ನವೆಂಬರಿನಲ್ಲಿ ನಮ್ಮ ಅಂಗಳದ ಅಡಿಕೆ ಮೂರು ಸಲ ನೆನೆಯಿತು. ತೀರ್ಥಹಳ್ಳಿ ಪೇಟೆ ಮುಗಿಯುವಲ್ಲಿ ನಮ್ಮ ಮನೆ, ಹಿಂದೆ ಎರಡು ಎಕರೆ ತೋಟ. ಬೇಯಿಸಿದ ಅಡಿಕೆಗೆ ಆರೇಳು ಬಿಸಿಲು ಬೇಕು. ಎರಡನೇ ಬಿಸಿಲಿಗೇ ಮಳೆ ಹೊಡೆದರೆ ಬೂಷ್ಟು ಹಿಡಿದು ಬಣ್ಣ ಹೋಗುತ್ತದೆ. ಮಳೆಯ ಸುಳಿವು ಮೊದಲೇ ಏನಾದರೂ ಇತ್ತಾ ಎಂದು ಯಜಮಾನರು ಕೇಳಿದರೆ ನಾವು ಒಬ್ಬೊಬ್ಬರು ಒಂದೊಂದು ಹೇಳಿದೆವು. ಅತ್ತೆ ಮಾತ್ರ, "ಹಿಂದಿನ ದಿನ ಬೆಳಗ್ಗೆ ತುಳಸಿಕಟ್ಟೆ ಒಣಗಿತ್ತು ಕಣೇ, ಇಬ್ನಿ ಬಿದ್ದಿರ್ಲಿಲ್ಲ" ಎಂದರು. ಆ ಮಾತು ನಿಜವೋ ಅಲ್ಲವೋ ನೋಡೋಣ ಎಂದು ಮುಂದಿನ ವರ್ಷದಿಂದ ಬರೆಯಲು ಕೂತೆ. ಈಗ ನವೆಂಬರ್ ಬಂತೆಂದರೆ ಬರೆಯದೆ ಇರಲಾರೆ. ನಿಮ್ಮ ಊರಿನಲ್ಲಿ ನೀವೂ ಬರೆಯಬೇಕು ಅನ್ನುವ ಆಸೆಯಿಂದ ನನ್ನ ಕ್ರಮವನ್ನು ಹೇಳುತ್ತೇನೆ.

ಮೊದಲು ಮಳೆಮಾಪಕ. ಕೊಳ್ಳಬೇಕೆಂದಿಲ್ಲ. ಬಾಯಿಯ ಅಡ್ಡಳತೆ ಸರಿಯಾಗಿ 16 ಸೆಂಟಿಮೀಟರ್ ಇರುವ ಆಳವಾದ ಆಲಿಕೆ ಹುಡುಕಿ. ಅಂಗಡಿಗೆ ಹೋಗುವಾಗ ಸ್ಕೇಲ್ ಹಿಡಿದುಕೊಂಡೇ ಹೋಗಿ. ಅದನ್ನು ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನ ಬಾಯಿಗೆ ಕೂರಿಸಿ, ಸುತ್ತ ಸಂದು ಮುಚ್ಚಿ. ಇಷ್ಟು ದೊಡ್ಡ ಬಾಯಿಯ ವಿಸ್ತೀರ್ಣ ಹೆಚ್ಚುಕಡಿಮೆ 200 ಚದರ ಸೆಂಟಿಮೀಟರ್ ಆಗುವುದರಿಂದ ಲೆಕ್ಕ ಬಲು ಸುಲಭ: ಕ್ಯಾನಿನಲ್ಲಿ ಬಿದ್ದ ಪ್ರತಿ 20 ಮಿಲಿಲೀಟರ್ ನೀರಿಗೆ ಒಂದು ಮಿಲಿಮೀಟರ್ ಮಳೆ. ಕ್ಯಾನ್ ಚೌಕವಿರಲಿ, ಉರುಟಾಗಿರಲಿ, ಲೆಕ್ಕ ಬದಲಾಗುವುದಿಲ್ಲ. ಮಳೆ ಹಿಡಿಯುವುದು ಆಲಿಕೆಯ ಬಾಯಿ ಮಾತ್ರ. ಅಳೆಯಲು ಸೂಜಿ ತೆಗೆದ 20 ಮಿಲಿಯ ಸಿರಿಂಜ್ ಸಾಕು. ಕಾಫಿ ತೋಟದವರು ಇನ್ನೂ ಇಂಚು, ಸೆಂಟ್ ಲೆಕ್ಕ ಹೇಳುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ನೆಂಟರ ಜೊತೆ ಮಳೆಯ ಸುದ್ದಿ ಮಾತಾಡುವಾಗ ಬೇಕಾಗುತ್ತದೆ.

ಕ್ಯಾನನ್ನು ಇಡುವ ಜಾಗದಲ್ಲೇ ಹೆಚ್ಚಿನವರು ತಪ್ಪುವುದು. ನಾನೂ ಮೊದಲ ವರ್ಷ ಮಾಡಿನ ಅಂಚಿನ ಹತ್ತಿರ ಇಟ್ಟು ಹಂಚಿನ ನೀರನ್ನೂ ಅಳೆದೆ. ಮನೆಯ ಮಾಡು ಹತ್ತು ಅಡಿ ಎತ್ತರವಿದ್ದರೆ ಕಡಿಮೆಯೆಂದರೂ ಇಪ್ಪತ್ತು ಅಡಿ ದೂರ ಇಡಿ. ಆಲಿಕೆಯ ಬಾಯಿ ನೆಲದಿಂದ ಒಂದಡಿ ಮೇಲಿರಲಿ, ಮಟ್ಟವಾಗಿರಲಿ. ಓದುವುದು ಬೆಳಗ್ಗೆ ಎಂಟೂವರೆಗೆ. ಹವಾಮಾನ ಇಲಾಖೆ ದಿನದ ಮಳೆ ಓದುವುದೂ ಆಗಲೇ, ಹೋಲಿಸಲು ಅನುಕೂಲ. ನಿನ್ನೆ ಸಂಜೆ ಬಿದ್ದ ಮಳೆ ಇವತ್ತಿನ ತಾರೀಖಿಗೆ ಹೋಗುತ್ತದೆ, ಆದ್ದರಿಂದ ಎಷ್ಟು ಗಂಟೆಗೆ ಹಿಡಿಯಿತು, ಎಷ್ಟಕ್ಕೆ ಬಿಟ್ಟಿತು ಎಂದು ಪಕ್ಕದಲ್ಲಿ ಬರೆಯಿರಿ. ಮಳೆ ಇಲ್ಲದ ದಿನ ಸೊನ್ನೆ ಹಾಕಿ. ಖಾಲಿ ಬಿಟ್ಟರೆ, ಮಳೆ ಬರಲಿಲ್ಲವೋ ನೀವು ನೋಡಲಿಲ್ಲವೋ ಎಂದು ಆಮೇಲೆ ತಿಳಿಯುವುದಿಲ್ಲ.

ಉಷ್ಣಾಂಶಕ್ಕೆ ಕನಿಷ್ಠ, ಗರಿಷ್ಠ ಎರಡನ್ನೂ ನೆನಪಿಡುವ ಥರ್ಮಾಮೀಟರ್ ಸಿಗುತ್ತದೆ. ಉತ್ತರದ ಜಗಲಿಯಲ್ಲಿ, ನೆಲದಿಂದ ನಾಲ್ಕಡಿ ಮೇಲೆ, ಗೋಡೆಗೆ ತಾಗದಂತೆ ತೂಗುಹಾಕಿ. ಹಗಲಿನ ಬಿಸಿಯನ್ನು ಗೋಡೆ ರಾತ್ರಿಯೆಲ್ಲ ಬಿಡುತ್ತಿರುತ್ತದೆ, ತಾಗಿಸಿದರೆ ಚಳಿ ಕಡಿಮೆ ತೋರಿಸುತ್ತದೆ. ಬೆಳಗ್ಗೆ ಕನಿಷ್ಠ, ಸಂಜೆ ಗರಿಷ್ಠ ಬರೆದುಕೊಂಡು ಥರ್ಮಾಮೀಟರಿನ ನೆನಪನ್ನು ಅಳಿಸಿ.

ಇನ್ನು ಇಬ್ಬನಿ. ಇದಕ್ಕೆ ನಾನು ಬಳಸುವುದು ಊಟದ ಸ್ಟೀಲ್ ತಟ್ಟೆ. ರಾತ್ರಿ ಮಲಗುವ ಮುಂಚೆ ತೋಟದ ಬಯಲು ಜಾಗದಲ್ಲಿ, ಹುಲ್ಲಿನ ಮೇಲೆ ಬೋರಲು ಹಾಕಿಡುತ್ತೇನೆ. ಮರದಡಿ ಬೇಡ, ಮರ ಆಕಾಶವನ್ನು ಮುಚ್ಚುತ್ತದೆ. ಬೆಳಗ್ಗೆ ಬಿಸಿಲು ತಾಗುವ ಮೊದಲು ನೋಡಿ ಅಂಕ ಕೊಡುತ್ತೇನೆ. ತಟ್ಟೆ ಒಣಗಿದ್ದರೆ 0. ಬೆರಳಲ್ಲಿ ಗೀಟೆಳೆದರೆ ಕಾಣುವಷ್ಟು ಮಸುಕಾಗಿದ್ದರೆ 1. ಹನಿಗಳು ಕಂಡರೆ 2. ಓರೆ ಮಾಡಿದಾಗ ನೀರು ಹರಿದರೆ 3.

ನಿಚ್ಚಳ ಆಕಾಶದ, ಗಾಳಿಯಾಡದ ರಾತ್ರಿ ನೆಲದ ಶಾಖ ಮೇಲಕ್ಕೆ ಹೋಗಿಬಿಡುತ್ತದೆ. ತಟ್ಟೆ, ಹುಲ್ಲು, ಹಂಚು ಎಲ್ಲ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಮೋಡ ಕವಿದರೆ ಅದು ಕಂಬಳಿ ಹೊದಿಸಿದ ಹಾಗೆ. ಶಾಖ ಇಲ್ಲೇ ಉಳಿಯುತ್ತದೆ, ಇಬ್ಬನಿ ಬೀಳುವುದಿಲ್ಲ. ಆದರೆ ಒಣ ಮೂಡಗಾಳಿ ರಾತ್ರಿಯಿಡೀ ಬೀಸಿದರೂ ತಟ್ಟೆ ಒಣಗಿಯೇ ಇರುತ್ತದೆ. ಅತ್ತೆಯ ಮಾತಿಗೆ ನಾನು ಸೇರಿಸಿದ್ದು ಇದೊಂದನ್ನೇ: ತಟ್ಟೆಯನ್ನು ಕನಿಷ್ಠ ಉಷ್ಣಾಂಶದ ಜೊತೆಗಿಟ್ಟು ಓದಬೇಕು. ತಟ್ಟೆ ಒಣಗಿದೆ, ಚಳಿ ಇದೆ, ತುಟಿ ಒಡೆಯುತ್ತಿದೆ ಅಂದರೆ ಒಣಗಾಳಿ. ಧೈರ್ಯವಾಗಿ ಅಡಿಕೆ ಹರವಿ. ತಟ್ಟೆ ಒಣಗಿದೆ, ಕನಿಷ್ಠ ಉಷ್ಣಾಂಶ ನಿನ್ನೆಗಿಂತ ಎರಡು ಮೂರು ಡಿಗ್ರಿ ಏರಿದೆ ಅಂದರೆ ಮೇಲೆ ಮೋಡ ಬಂದಿದೆ. ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕುವ ಮುಂಚೆ ಯೋಚಿಸಿ. ನನ್ನ ಪುಸ್ತಕದ ಎರಡು ಗೆರೆ ನೋಡಿ:

"ನ. 12. ಕನಿಷ್ಠ 16.5. ಇಬ್ಬನಿ 3. ಮಂಜು ಎಂಟೂಮುಕ್ಕಾಲಿನವರೆಗೆ. ಗಾಳಿ ಇಲ್ಲ. ಮಳೆ 0."

"ನ. 14. ಕನಿಷ್ಠ 19.8. ಇಬ್ಬನಿ 0. ಮಂಜಿಲ್ಲ. ತೆಳು ಬಿಳಿ ಮೋಡ, ಮೂಡಲಿಂದ. ಮಳೆ 0. (ಟಾರ್ಪಾಲು ತೆಗೆದಿಟ್ಟೆ.)"

ಮರುದಿನ ಬೆಳಗ್ಗೆ ಕ್ಯಾನಿನಲ್ಲಿ 180 ಮಿಲಿ ನೀರಿತ್ತು, ಒಂಬತ್ತು ಮಿಲಿಮೀಟರ್. ಸುಳಿವು ಪ್ರತಿ ಸಲ ಹೀಗೆ ಫಲಿಸುವುದಿಲ್ಲ. ಮೋಡ ಬಂದು ಹಾಗೇ ಹೋದ ದಿನಗಳೂ ಪುಸ್ತಕದಲ್ಲಿವೆ, ಅವನ್ನೂ ಬರೆಯಲೇಬೇಕು.

ಗಾಳಿ ನೋಡಲು ಅಂಗಳದಲ್ಲಿ ಊದುಬತ್ತಿ ಹಚ್ಚಿ, ಹೊಗೆ ಯಾವ ಕಡೆಗೆ ಬಾಗುತ್ತದೆ ನೋಡಿ; ಗಾಳಿ ಬರುವುದು ಅದರ ಎದುರು ದಿಕ್ಕಿನಿಂದ, ಆ ದಿಕ್ಕನ್ನು ಬರೆಯಿರಿ. ಜೂನ್‌ನಲ್ಲಿ ನಮಗೆ ಎರಚಲು ಹೊಡೆಯುವುದು ಪಶ್ಚಿಮದಿಂದ, ಸಮುದ್ರದ ಕಡೆಯಿಂದ. ನವೆಂಬರಿನ ಮಳೆ ಬೇರೆಯೇ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ತಮಿಳುನಾಡನ್ನು ತೋಯಿಸಿದ ಮೋಡಗಳ ಉಳಿಕೆ ನಮ್ಮ ತನಕ ಬರುತ್ತದೆ. ಅದಕ್ಕೇ ಈ ತಿಂಗಳಲ್ಲಿ ನೋಡಬೇಕಾದ್ದು ಮೂಡಣದ ಆಕಾಶ.

ಮಂಜಿಗೆ ಮೂರು ಗುರುತು ಇಟ್ಟುಕೊಳ್ಳಿ: ಹತ್ತಿರದ್ದೊಂದು, ನಡುವಿನದೊಂದು, ದೂರದ್ದೊಂದು. ನನಗೆ ಬಾವಿಕಟ್ಟೆ, ತೋಟದ ಕೊನೆಯ ಹಲಸಿನ ಮರ, ತುಂಗೆಯ ಆಚೆ ದಿಬ್ಬ. ಯಾವುದು ಕಾಣುತ್ತದೆ, ಎಷ್ಟು ಗಂಟೆಗೆ ಬಿಸಿಲು ಅಂಗಳಕ್ಕೆ ಬಿತ್ತು, ಇಷ್ಟೇ. ಈ ತಿಂಗಳಲ್ಲಿ ನಮ್ಮಲ್ಲಿ ಸೂರ್ಯೋದಯ ಸುಮಾರು ಹದಿಮೂರು ನಿಮಿಷ ತಡವಾಗುತ್ತದೆ, ಸೂರ್ಯಾಸ್ತ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬದಲಾಗುವುದಿಲ್ಲ. ಅಡಿಕೆಗೆ ಬಿಸಿಲು ಕಡಿಮೆಯಾಗುವುದು ಬೆಳಗಿನ ಹೊತ್ತಿನಲ್ಲೇ. ಮಂಜೂ ಸೇರಿದರೆ ಇನ್ನೂ ಕಡಿಮೆ.

ಪಂಚಾಂಗ ನೋಡಿ ಮಳೆ ನಕ್ಷತ್ರವನ್ನೂ ಒಂದು ಕಡೆ ಬರೆಯಿರಿ. ನವೆಂಬರ್ ಆರರ ಸುಮಾರಿಗೆ ಸ್ವಾತಿ ಮುಗಿದು ವಿಶಾಖ, ಹತ್ತೊಂಬತ್ತರ ಹೊತ್ತಿಗೆ ಅನುರಾಧ. ತುಳಸಿ ಹಬ್ಬ ಚಂದ್ರನ ಲೆಕ್ಕದ್ದು, ವರ್ಷ ವರ್ಷ ಹಿಂದೆ ಮುಂದೆ ಹೋಗುತ್ತದೆ. ಮಳೆ ನಕ್ಷತ್ರ ಸೂರ್ಯನ ಲೆಕ್ಕದ್ದು, ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತದೆ. ಹಾಗಾಗಿ ಅತ್ತೆ "ಆ ವರ್ಷ ವಿಶಾಖದಲ್ಲಿ ಗದ್ದೆ ಮುಳುಗಿತ್ತು" ಎಂದರೆ ನನ್ನ ಪುಸ್ತಕದ ಯಾವ ಪುಟ ತೆಗೆಯಬೇಕೆಂದು ನನಗೆ ಗೊತ್ತಿರುತ್ತದೆ.

ತಿಂಗಳು ಮುಗಿದ ಮೇಲೆ ಮಳೆಯ ಮೊತ್ತ ಹಾಕಿ, 2.5 ಮಿಲಿಮೀಟರ್ ಮತ್ತು ಅದಕ್ಕಿಂತ ಹೆಚ್ಚು ಬಿದ್ದ ದಿನಗಳನ್ನು ಎಣಿಸಿ. ಮಳೆದಿನ ಎಂದು ಇಲಾಖೆ ಲೆಕ್ಕ ಹಿಡಿಯುವುದು ಅವನ್ನೇ. ಆಮೇಲೆ ಕೆಂಪು ಶಾಯಿಯಲ್ಲಿ ಸತತವಾಗಿ ಬಿಸಿಲಿದ್ದ ದಿನಗಳ ಸುತ್ತ ಗೆರೆ ಹಾಕಿ. ಆರು ಬಿಸಿಲು ಒಟ್ಟಿಗೆ ಎಷ್ಟು ಸಲ ಸಿಕ್ಕಿತು ಎಂಬುದರ ಮೇಲೆ ಮುಂದಿನ ವರ್ಷ ಅಡಿಕೆ ಗೊನೆ ಕೊಯ್ಯುವ ಕೊನೆಗೌಡನಿಗೆ ಯಾವಾಗ ಬಾ ಎನ್ನಬೇಕು ಎಂದು ನಾವು ಮಾತಾಡಿಕೊಳ್ಳುತ್ತೇವೆ.

ಇನ್ನೊಂದು ಮಾತು. ಮೂವತ್ತಕ್ಕೆ ನಿಲ್ಲಿಸಬೇಡಿ. 2024ರಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಮುಟ್ಟಿದ್ದೇ ನವೆಂಬರ್ 30ರ ರಾತ್ರಿ. ಅದರ ಮಳೆ ನಮ್ಮ ಕಡೆಗೆ ಬಂದದ್ದು ಡಿಸೆಂಬರಿನ ಮೊದಲ ದಿನಗಳಲ್ಲಿ. ಪುಸ್ತಕದಲ್ಲಿ ಮೊದಲೇ ಮೂವತ್ತೈದು ಗೆರೆ ಎಳೆದುಕೊಳ್ಳಿ.